ಸೂಚನೆಯಲ್ಲಿ ಮಾತಿನ ಪಾಲು, ಆಕೃತಿಯ ಪಾಲು

ಬಳ್ಳಾರಿಯ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಗೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾವು ಒಂದು ಸಣ್ಣ ಪರೀಕ್ಷೆಯನ್ನು ಕೊಡುವುದುಂಟು. ‘ಒಂದು ವಿದ್ಯುತ್ಕೋಶ, ಒಂದು ರೋಧಕ, ಒಂದು ಆಮ್ಮೀಟರು, ಒಂದು ವೋಲ್ಟ್‌ಮೀಟರು, ಇವನ್ನು ಜೋಡಿಸಿ ರೋಧವನ್ನು ಅಳೆಯಿರಿ’ ಎಂದಷ್ಟೇ ಬರೆದ ಚೀಟಿಯನ್ನು ಕೈಗಿತ್ತು, ತಂತಿಯನ್ನು ಮುಟ್ಟುವ ಮೊದಲು ಜೋಡಣೆಯ ಆಕೃತಿಯನ್ನು ಬರೆದು ತೋರಿಸಬೇಕೆಂದು ಹೇಳುತ್ತೇವೆ. ಕೆಲವರು ಆಮ್ಮೀಟರನ್ನು ಕೋಶದ ಎರಡು ತುದಿಗಳಿಗೆ ನೇರವಾಗಿ ಸೇರಿಸಿರುತ್ತಾರೆ. ಆಮ್ಮೀಟರಿನ ರೋಧವು ಬಹು ಅಲ್ಪವಾದುದು. ಹಾಗೆ ಸೇರಿಸಿದರೆ ಮಿತಿಮೀರಿದ ಪ್ರವಾಹವು ಹರಿದು ಅದರ ಸುರುಳಿಯು ಸುಟ್ಟುಹೋಗಬಹುದು. ಈ ತಪ್ಪು ವಿದ್ಯಾರ್ಥಿಯದು ಮಾತ್ರವಲ್ಲ, ‘ಜೋಡಿಸಿ’ ಎಂಬ ಮಾತಿನದೂ ಹೌದು.

ಇದಕ್ಕೆ ಕಾರಣವೇನು? ಮಾತುಗಳು ಒಂದರ ಹಿಂದೆ ಒಂದರಂತೆ ಸಾಲಾಗಿ ಬರುತ್ತವೆ. ವಿದ್ಯುನ್ಮಂಡಲವಾದರೋ ಒಂದೆಡೆ ಕವಲೊಡೆದು ಮತ್ತೊಂದೆಡೆ ಕೂಡಿಕೊಳ್ಳುತ್ತದೆ. ಅದನ್ನು ಮಾತಿನಲ್ಲಿಯೇ ಹೇಳಹೊರಟರೆ ಪ್ರತಿಯೊಂದು ತುದಿಗೂ ಒಂದು ಹೆಸರನ್ನಿಟ್ಟು, ಅವೆಲ್ಲವನ್ನೂ ಓದುಗನು ನೆನಪಿನಲ್ಲಿಟ್ಟುಕೊಳ್ಳುವಂತೆ ಮಾಡಬೇಕಾಗುತ್ತದೆ. ಆಕೃತಿಯು ಈ ಹೊರೆಯನ್ನು ಇಳಿಸುತ್ತದೆ. ಯಾವುದು ಯಾವುದಕ್ಕೆ ಸೇರಿದೆ ಎಂಬುದನ್ನು ಅದು ಒಮ್ಮೆಗೇ ಕಣ್ಣಮುಂದೆ ಇಡುತ್ತದೆ.

ಆಕೃತಿಯೆಂದರೆ ವಸ್ತುವಿನ ಪ್ರತಿರೂಪವೆಂದು ವಾಚಕರು ಭಾವಿಸಬಾರದು. ಬೇಡವಾದುದನ್ನು ಬಿಟ್ಟುಬಿಡುವುದರಲ್ಲಿಯೇ ಅದರ ಪ್ರಯೋಜನವಿದೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗುವವನಿಗೆ ತೆಕ್ಕಲಕೋಟೆಯಾದ ಮೇಲೆ ಯಾವ ಊರು ಬರುತ್ತದೆಂಬುದು ತಿಳಿದರೆ ಸಾಕು, ದಾರಿಯ ಒಂದೊಂದು ತಿರುವೂ ಬೇಕಿಲ್ಲ. ಲಂಡನ್ ನಗರದ ನೆಲದಡಿಯ ರೈಲುಸಂಸ್ಥೆಯಲ್ಲಿ ನಕ್ಷೆಗಾರರಾಗಿ ದುಡಿದ ಹ್ಯಾರಿ ಬೆಕ್ ಎಂಬುವರು ಇದನ್ನೇ ಮನಗಂಡು, ದೂರದ ಅಳತೆಯನ್ನು ಬದಿಗಿಟ್ಟು, ಮಾರ್ಗಗಳನ್ನು ನೇರ ಗೆರೆಗಳಲ್ಲಿ ಬರೆದರು. 1933ರಲ್ಲಿ ಅಚ್ಚಾಗಿ ಹೊರಬಂದ ಆ ನಕ್ಷೆಯು ನೋಡಲು ವಿದ್ಯುನ್ಮಂಡಲದ ಆಕೃತಿಯಂತೆಯೇ ಇದೆ.

ಈಗ ಪ್ರಯೋಗಶಾಲೆಯಿಂದ ಹೊಲಕ್ಕೆ ಹೋಗೋಣ. ತುಂಗಭದ್ರೆಯ ದಂಡೆಯ ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಒಬ್ಬ ರೈತನ ಪಂಪುಸೆಟ್ಟಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರು ಇದೆಯೆಂದಿಟ್ಟುಕೊಳ್ಳೋಣ. ಮೂರು ಫೇಸಿನ ಮೋಟಾರಿನಲ್ಲಿ ಮೂರು ಸುರುಳಿಗಳು, ಅವಕ್ಕೆ ಆರು ತುದಿಗಳು. ಮೋಟಾರು ಹೊರಡುವಾಗ ಪ್ರತಿಯೊಂದು ಸುರುಳಿಯ ಒಂದು ತುದಿಯನ್ನು ಒಂದೇ ಬಿಂದುವಿನಲ್ಲಿ ಕೂಡಿಸುವುದು ಸ್ಟಾರ್; ವೇಗ ಬಂದ ಮೇಲೆ ಸುರುಳಿಗಳನ್ನು ತ್ರಿಕೋನವಾಗಿ ಸೇರಿಸುವುದು ಡೆಲ್ಟಾ. 415 ವೋಲ್ಟಿನ ಸರಬರಾಜಿನಲ್ಲಿ ಸ್ಟಾರ್ ಜೋಡಣೆಯ ಒಂದೊಂದು ಸುರುಳಿಗೆ ಸುಮಾರು 240 ವೋಲ್ಟು ಮಾತ್ರ ಸಿಗುತ್ತದೆ. ಹೊರಡುವಾಗ ಲೈನಿನಿಂದ ಎಳೆಯುವ ಪ್ರವಾಹವು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ.

ಆರು ತಂತಿಗಳನ್ನು ಆರು ತಿರುಪುಗಳಿಗೆ 720 ಬಗೆಯಾಗಿ ಸೇರಿಸಬಹುದು. ಅವುಗಳಲ್ಲಿ ಕೆಲಸಕ್ಕೆ ಬರುವವು ಕೆಲವು ಮಾತ್ರ. ಒಂದು ಸುರುಳಿಯ ತುದಿಗಳು ಅದಲುಬದಲಾದರೆ ಮೋಟಾರು ಗುಂಯ್‌ಗುಟ್ಟುತ್ತ ಕಾಯುತ್ತದೆ. ಸರಬರಾಜಿನ ಎರಡು ಫೇಸುಗಳು ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗಿ, ಪಂಪು ನೀರನ್ನು ಸರಿಯಾಗಿ ಎತ್ತುವುದಿಲ್ಲ. ಆದುದರಿಂದಲೇ ಯು 1, ವಿ 1, ಡಬ್ಲ್ಯು 1 ಮುಂತಾದ ಗುರುತುಗಳುಳ್ಳ ಆಕೃತಿಯನ್ನು ಎಷ್ಟೋ ಪೆಟ್ಟಿಗೆಗಳ ಮುಚ್ಚಳದ ಒಳಬದಿಗೆ ಅಂಟಿಸಿರುತ್ತಾರೆ. ಇದು ಆಕೃತಿಗೆ ತಕ್ಕ ಕೆಲಸ.

ಆದರೆ ಅದೇ ಆಕೃತಿಯು ಹೇಳಲಾರದ ಸಂಗತಿಯೊಂದಿದೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದು ಅದರಲ್ಲಿ ಕಾಣದು. ಹೊಲದ ಲೈನುಗಳಿಗೆ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ಗಂಟೆಗಳು ಮಾತ್ರ ಬರುತ್ತದೆ. ಕರೆಂಟು ಇಲ್ಲವೆಂದು ರೈತನು ಪೆಟ್ಟಿಗೆಯೊಳಗೆ ಕೈಯಿಟ್ಟಿರುವಾಗಲೇ ಅದು ಮರಳಿ ಬಂದರೆ? ಕೈಯಲ್ಲಿರುವ ಆಕೃತಿಯು ಎಷ್ಟು ಶುದ್ಧವಾಗಿದ್ದರೂ ಪ್ರಾಣವನ್ನು ಉಳಿಸಲಾರದು. ಅಲ್ಲಿ ಬೇಕಾದುದು ತಿಳಿಯುವ ಭಾಷೆಯ ಒಂದು ವಾಕ್ಯ.

ಆಕೃತಿಯನ್ನು ಯಾರು ಬೇಕಾದರೂ ಓದಬಲ್ಲರೆಂಬುದೂ ತಪ್ಪು ತಿಳಿವಳಿಕೆ. ಕುರುಗೋಡಿನ ಕಡೆ ಮೆಣಸಿನಕಾಯಿ ಬೆಳೆಗೆ ಸಿಂಪಡಿಸುವ ಕೀಟನಾಶಕದ ಡಬ್ಬಿಯನ್ನು ನೋಡಿರಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣವು ವಿಷದ ತೀಕ್ಷ್ಣತೆಯನ್ನು ಸೂಚಿಸುತ್ತದೆ: ಕೆಂಪು ಅತಿ ಘೋರವಾದುದು, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು ಗುರುತಿನೊಡನೆ ತಲೆಬುರುಡೆಯೂ ಇರುವುದರಿಂದ ಅದು ಯಾರಿಗಾದರೂ ತಿಳಿದೀತು. ಹಸಿರು ಹಾಗಲ್ಲ. ಹಸಿರೆಂದರೆ ಪೈರು, ಹಸಿರೆಂದರೆ ದಾರಿ ತೆರೆದಿದೆಯೆಂಬ ದೀಪ. ಇದನ್ನು ಕಂಡ ಕೂಲಿಯಾಳು ಅಪಾಯವೇ ಇಲ್ಲವೆಂದು ಬಗೆದರೆ ಆಶ್ಚರ್ಯವಿಲ್ಲ. ಅಲ್ಲಿಯ ಅರ್ಥವು ‘ವಿಷವು ಕಡಿಮೆ, ಎಚ್ಚರವಿರಲಿ’ ಎಂದಷ್ಟೆ. ಅಕ್ಷರವನ್ನು ಕಲಿಸುವಂತೆ ಗುರುತನ್ನೂ ಕಲಿಸಬೇಕಾಗುತ್ತದೆ.

ಹೀಗೆ ಎರಡರ ಪಾಲೂ ಬೇರೆ ಬೇರೆ. ಸ್ಥಾನ, ಸಂಬಂಧ, ದಿಕ್ಕು, ಇವು ಆಕೃತಿಯ ಪಾಲು. ಕ್ರಮ, ನಿಷೇಧ, ಕಾರಣ, ಇವು ಮಾತಿನ ಪಾಲು. ಸೂಚನೆಯನ್ನು ಬರೆಯುವವರು ತಮ್ಮ ಬರಹವನ್ನು ಆ ಕೆಲಸವನ್ನೇ ಅರಿಯದ ಒಬ್ಬರಿಗೆ ಕೊಟ್ಟು, ಕೈ ಎಲ್ಲಿ ತಡೆಯುತ್ತದೆಂದು ಸುಮ್ಮನೆ ನೋಡಲಿ. ಜೋಡಣೆಯಲ್ಲಿ ತಡೆದರೆ ಆಕೃತಿಯನ್ನು ತಿದ್ದಬೇಕು. ಮುಂದೇನೆಂದು ತಡೆದರೆ ವಾಕ್ಯವನ್ನು.

ಎರಡನ್ನೂ ಎಲ್ಲಿಡಬೇಕೆಂಬುದೂ ಅಷ್ಟೇ ಮುಖ್ಯ. ಜೋಡಣೆಯ ಆಕೃತಿಯು ಮುಚ್ಚಳದ ಒಳಗಿರುವುದು ಸರಿಯೇ. ಆದರೆ ‘ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಮೂರು ಫೇಸುಗಳನ್ನೂ ಟೆಸ್ಟರಿನಿಂದ ನೋಡಿ, ಆಮೇಲೆ ತಂತಿಯನ್ನು ಮುಟ್ಟಿ’ ಎಂಬ ಮಾತೂ ಒಳಗೇ ಇದ್ದರೆ, ಅದನ್ನು ಓದುವ ವೇಳೆಗೆ ಮುಚ್ಚಳವು ತೆರೆದಿರುತ್ತದೆ. ಆ ಮಾತು ಕನ್ನಡದಲ್ಲಿ, ದಪ್ಪಕ್ಷರಗಳಲ್ಲಿ, ಮುಚ್ಚಳದ ಹೊರಗಿರಬೇಕು.