ನಿದ್ದೆಗೆಟ್ಟ ಮುಖ್ಯಸ್ಥರಿಗೆ

ತಂಡದ ಹೊಣೆ ಹೊತ್ತವರೇ, ನಿದ್ದೆಗೆಟ್ಟು ದುಡಿಯುವುದನ್ನು ನಿಷ್ಠೆಯೆಂದು ಎಣಿಸಬೇಡಿ. ಸತತ 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕುತನ ಕೆಲವು ಪರೀಕ್ಷೆಗಳಲ್ಲಿ, ರಕ್ತದಲ್ಲಿ ಶೇ 0.05ರಷ್ಟು ಮದ್ಯಾಂಶವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ ವಾಹನ ಓಡಿಸುವವರಿಗಿರುವ ಮಿತಿಯೇ ಶೇ 0.03. ಆ ಸ್ಥಿತಿಯಲ್ಲಿ ಸ್ಟೀರಿಂಗ್ ಹಿಡಿಯಗೊಡದ ನಾವು ಹತ್ತಾರು ಜನರ ಬಡ್ತಿ, ವರ್ಗಾವಣೆ, ಕೆಲಸದ ಅಳಿವು-ಉಳಿವನ್ನು ತೀರ್ಮಾನಿಸಗೊಡುತ್ತೇವೆ. ದಣಿದವರಿಗೆ ಕೇಳಿಸಿಕೊಳ್ಳುವ ತಾಳ್ಮೆ ಉಳಿಯದು. ಸಿಡುಕುವ ಮುಖ್ಯಸ್ಥರ ಬಳಿ ಕೆಟ್ಟ ಸುದ್ದಿ ಹೇಳಲು ಯಾರೂ ಬರುವುದಿಲ್ಲ. ತಪ್ಪುಗಳು ಒಳಗೊಳಗೇ ಬೆಳೆಯುತ್ತವೆ.

ಸಂಸ್ಥೆ ಕಷ್ಟದಲ್ಲಿದ್ದಾಗ ಮೇಲಿನವರು ವಿಶ್ರಾಂತಿ ಬಯಸಬಹುದೇ ಎಂಬ ಆಕ್ಷೇಪ ಸಹಜ. ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕು ಸಂಕಷ್ಟದಲ್ಲಿದ್ದ 2011ರಲ್ಲಿ ಅದರ ಮುಖ್ಯಸ್ಥ ಆಂಟೋನಿಯೊ ಹೊರ್ಟಾ-ಒಸೊರಿಯೊ ನಿದ್ರಾಹೀನತೆಯಿಂದ ಬಳಲಿ ರಜೆ ಹಾಕಿದರು. ಷೇರು ಬೆಲೆ ಕುಸಿಯಿತು, ನಿಜ. ಆದರೆ 2012ರ ಜನವರಿಯಲ್ಲಿ ಅವರು ಮರಳಿದರು. 2017ರಲ್ಲಿ ಬ್ಯಾಂಕು ಪೂರ್ತಿ ಖಾಸಗಿ ಒಡೆತನಕ್ಕೆ ಹಿಂತಿರುಗಿದಾಗಲೂ ಅವರೇ ಮುಖ್ಯಸ್ಥರು. ಕೆಳಗಿನವರಿಗೆ ಇಂಥ ರಜೆ ಎಲ್ಲಿ ಸಿಗುತ್ತದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ, ನ್ಯಾಯವಾದದ್ದೂ ಹೌದು. ಅದಕ್ಕೇ ನೀವು ಮೊದಲು ರಜೆ ಹಾಕಿ, ರಾತ್ರಿಯ ವಾಟ್ಸ್ಆ್ಯಪ್ ಸಂದೇಶ ನಿಲ್ಲಿಸಿ, ಅವರ ರಜೆ ಅರ್ಜಿಗೆ ಕಾರಣ ಕೆದಕದೆ ಸಹಿ ಮಾಡಿ.