ದಿನಕ್ಕೊಂದು ಧಮ್ಮಚಿಂತನೆ: ಅನುಕಂಪ ಎಂದರೆ ಜೊತೆಗೆ ನಡುಗುವುದು



ಇಂಗ್ಲಿಷಿನಲ್ಲಿ 'ಕಮಿಸರೇಟ್' ಎಂಬ ಕ್ರಿಯಾಪದವಿದೆ. ಇನ್ನೊಬ್ಬರ ದುಃಖಕ್ಕೆ ಮರುಗುವುದು, ಆ ಮರುಕವನ್ನು ಮಾತಿನಲ್ಲಿ ತಿಳಿಸುವುದು ಎಂದರ್ಥ. ಇದರ ಪ್ರಯೋಗ ಗಮನಿಸಿ. 'ಪಿಟಿ' ಎಂಬ ಕ್ರಿಯಾಪದಕ್ಕೆ ಕರ್ಮಪದ ನೇರವಾಗಿ ಬರುತ್ತದೆ. ನಾನು ಮೇಲೆ, ಅವನು ಕೆಳಗೆ ಎಂಬ ಭಾವ ಅದರಲ್ಲಿ ಸುಲಭವಾಗಿ ನುಸುಳುತ್ತದೆ. 'ಕಮಿಸರೇಟ್' ಆದಮೇಲೆ ಸಾಮಾನ್ಯವಾಗಿ 'ವಿತ್' ಬರುತ್ತದೆ, ಅಂದರೆ 'ಜೊತೆ'. ಪದದ ಮೊದಲಿನ 'ಕಂ'ಗೂ ಲ್ಯಾಟಿನ್ನಿನಲ್ಲಿ ಅದೇ ಅರ್ಥ.

ನಮ್ಮ 'ಅನುಕಂಪ'ವನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಹೀಗೆ ಬಿಡಿಸಿ ತೋರಿಸುತ್ತೇನೆ: 'ಅನು' ಎಂದರೆ ಅನುಸರಿಸಿ, ಜೊತೆಗೆ, 'ಕಂಪ' ಎಂದರೆ ನಡುಕ. ಭೂಕಂಪದಲ್ಲಿರುವ ಕಂಪವೇ ಇದು. ಒಬ್ಬರು ನಡುಗಿದಾಗ ನಾವೂ ನಡುಗುವುದು. ನಮ್ಮ ಕಡೆಯ ಮಾತಿನಲ್ಲಿ 'ಕರುಳು ಚುರ್ ಅಂತು'. ಪಾಲಿಯಲ್ಲೂ ಪದ ಅದೇ, ಅನುಕಂಪಾ.

ಆದರೆ ಕಮಿಸರೇಟ್ ಬಹುಮಟ್ಟಿಗೆ ಮಾತಿಗೇ ಮುಗಿಯುತ್ತದೆ. ಬುದ್ಧರ ಅನುಕಂಪ ಅಲ್ಲಿಗೆ ನಿಲ್ಲುವುದಿಲ್ಲ. ವಿನಯಪಿಟಕದ ಮಹಾವಗ್ಗದಲ್ಲಿ, ಭೇದಿಯಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವಿನ ಕಥೆ ಇದೆ. ಯಾರೂ ಅವನ ಆರೈಕೆ ಮಾಡಿರಲಿಲ್ಲ. ಬುದ್ಧರು ನೀರು ಸುರಿದರು, ಆನಂದ ಮೈ ತೊಳೆದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು.

ಬಳಲಿದವರ ವಿಷಯ ಸರಿ, ಶತ್ರುವಿನ ಬಗ್ಗೆ? ನಮ್ಮ ಕಿತ್ತೂರನ್ನೇ ನೋಡಿ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ಅವನ ಸಹಾಯಕರಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು. ಎಲಿಯಟ್‌ಗೆ ಆಗಿನ್ನೂ 21 ವರ್ಷ. ರಾಣಿ ಚೆನ್ನಮ್ಮ ಅವರನ್ನು ಕೊಲ್ಲಿಸಲಿಲ್ಲ. ಕೆಲವು ವಾರಗಳ ಮೇಲೆ ಜೀವಸಹಿತ ಬಿಟ್ಟರು. ಅದರಲ್ಲಿ ಸಂಧಾನದ ಲೆಕ್ಕವೂ ಇತ್ತು, ನಿಜ. ಆದರೂ ಕೈಗೆ ಸಿಕ್ಕ ಶತ್ರುವಿನ ಜೀವ ಉಳಿಯಿತು. ಅದೇ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. 1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಸಿದ. ಅಲ್ಲಿ ಸಿಕ್ಕ ಶಿಲ್ಪಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಚೆನ್ನಮ್ಮನವರಿಗೆ ಮಾತ್ರ ಕಂಪನಿಯಿಂದ ಬಿಡುಗಡೆ ಸಿಗಲಿಲ್ಲ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡರು. ಕೊಟ್ಟ ಅನುಕಂಪ ಹಾಗೇ ತಿರುಗಿ ಬರುತ್ತದೆ ಎಂಬ ಖಾತ್ರಿ ಇಲ್ಲ. ಅದು ಕೊಡುಕೊಳ್ಳುವ ವ್ಯಾಪಾರವಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಕೊಡಬಲ್ಲೆವೇ ಎಂಬುದೇ ಪ್ರಶ್ನೆ.

*ಇಂದಿನ ಅಭ್ಯಾಸ:* ಗ್ರೂಪಿನಲ್ಲಿ ಯಾರದೋ ಸಾವಿನ ಸುದ್ದಿ ಬಂದರೆ ಕೈ ಮುಗಿಯುವ ಚಿತ್ರ ಒತ್ತಿ ಮುಂದೆ ಹೋಗುತ್ತೇವೆ. ಇಂದು ಅಷ್ಟಕ್ಕೇ ನಿಲ್ಲದೆ ಒಂದು ಫೋನ್ ಮಾಡೋಣ. ಊರಲ್ಲೇ ಇದ್ದರೆ ಒಂದು ಹೊತ್ತಿನ ಬುತ್ತಿ ಮುಟ್ಟಿಸೋಣ. ಮನಸ್ತಾಪ ಇರುವ ಮನೆಯಾದರೆ ಅಲ್ಲಿಗೇ ಮೊದಲು ಹೋಗೋಣ.

ಎಲ್ಲರಿಗೂ ಒಳಿತಾಗಲಿ.