ಟಿಕೆಟ್ ಕೊಡೋರು ಯಾರು, ವೋಟು ಹಾಕೋರು ಯಾರು?

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನ ಆರಿಸೋಕೇ ಮೊದಲು ಒಂದು ಚುನಾವಣೆ ನಡೆಯುತ್ತೆ. ಅದಕ್ಕೆ ಪ್ರೈಮರಿ ಅಂತಾರೆ. ನಮ್ಮಲ್ಲಿ ಟಿಕೆಟ್ ಹೈಕಮಾಂಡ್‌ನಿಂದ ಬರುತ್ತೆ. ಆದರೂ 2014ರಲ್ಲಿ ಕಾಂಗ್ರೆಸ್ ಕೆಲವು ಲೋಕಸಭಾ ಕ್ಷೇತ್ರಗಳಲ್ಲಿ ಪ್ರೈಮರಿ ಮಾಡಿ ನೋಡಿತು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಹೀಗೆ ಆಯ್ಕೆಯಾದರು. ಚುನಾವಣೆಯಲ್ಲಿ ಇಬ್ಬರೂ ಬಿಜೆಪಿ ಎದುರು ಸೋತರು.

ಅದು ಮೋದಿ ಅಲೆಯ ವರ್ಷ, ಹಾಗಾಗಿ ತಪ್ಪೆಲ್ಲ ಪ್ರೈಮರಿಯದ್ದು ಅನ್ನೋಕಾಗಲ್ಲ. ಆದರೆ ಅಲ್ಲಿ ವೋಟು ಹಾಕಿದವರು ಪಕ್ಷದ ಪದಾಧಿಕಾರಿಗಳು. ನಮ್ಮ ಭಾಷೇಲಿ ಹೇಳೋದಾದ್ರೆ ಸ್ಯಾಂಪಲ್ಲೇ ಸರಿಯಿಲ್ಲ. ಈ ಸಲ ಇವರಿಗೆ, ಮುಂದಿನ ಸಲ ಅವರಿಗೆ ಹಾಕೋ ಮತದಾರ ಆ ಸ್ಯಾಂಪಲ್‌ನಲ್ಲಿ ಇರೋದೇ ಇಲ್ಲ. ಸೋಲು ಗೆಲುವು ಎಷ್ಟೋ ಸಲ ಅವನ ಕೈಲೇ ಇರುತ್ತೆ!

ಇಂಥ ಮತದಾರರನ್ನ ನೋಡೋಕೆ ನಮ್ಮ ಮಂಡ್ಯ ಲೋಕಸಭಾ ಕ್ಷೇತ್ರ ಸಾಕು. ಗಗನಚುಕ್ಕಿಗೆ ಹೋಗುವಾಗ ಸಿಗೋ ಬ್ಲಫ್ ಕೂಡ ಇದೇ ಕ್ಷೇತ್ರದ ಮಳವಳ್ಳಿ ಭಾಗದ್ದು. 2018ರಲ್ಲಿ ಇಲ್ಲಿನ 8 ವಿಧಾನಸಭಾ ಸ್ಥಾನಗಳನ್ನೂ ಜೆಡಿಎಸ್ ಗೆದ್ದಿತ್ತು. 2019ರಲ್ಲಿ ಕಾಂಗ್ರೆಸ್ ಜೊತೆ ಮೈತ್ರಿ ಬೇರೆ. ಕಾಂಗ್ರೆಸ್ ಟಿಕೆಟ್ ಕೇಳಿದ್ದ ಸುಮಲತಾ ಅಂಬರೀಶ್ ಅವರಿಗೆ ಟಿಕೆಟ್ ಸಿಗಲಿಲ್ಲ, ಸೀಟು ಜೆಡಿಎಸ್‌ಗೆ ಹೋಯ್ತು. ಅವರು ಪಕ್ಷೇತರರಾಗಿ ನಿಂತರು, ಬಿಜೆಪಿ ಬೆಂಬಲ ಕೊಡ್ತು. ಅಂಬರೀಶ್ ತೀರಿಕೊಂಡು ಆಗಿನ್ನೂ ಐದು ತಿಂಗಳೂ ಆಗಿರಲಿಲ್ಲ. ಕಾಗದದ ಮೇಲಿನ ಲೆಕ್ಕ ಎರಡು ಪಕ್ಷಗಳ ವೋಟನ್ನ ಕೂಡಿಸಿಕೊಂಡಿತ್ತು, ಆ ಅನುಕಂಪವನ್ನಲ್ಲ. ನಿಖಿಲ್ ಕುಮಾರಸ್ವಾಮಿ ಅವರು 1,25,876 ಮತಗಳಿಂದ ಸೋತರು.

ಎರಡೂ ಪಕ್ಷದ ಪದಾಧಿಕಾರಿಗಳನ್ನ ಕೂರಿಸಿ ಅವತ್ತು ಪ್ರೈಮರಿ ಮಾಡಿದ್ದರೂ ಟಿಕೆಟ್ ಬೇರೆಯವರಿಗೆ ಸಿಗ್ತಿತ್ತು ಅಂತ ನಮಗನ್ನಿಸಲ್ಲ.